ಕುದುರೆ ಸವಾರರ ಪಟ

ಓದುಗ ಬಂಧುಗಳಲ್ಲಿ ಮೊದಲಿಗೆ ಒಂದು ಅರಿಕೆ. ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಪರರ ತಪ್ಪುಗಳನ್ನು ಎತ್ತಿ ಆಡಿ, ಮೂರು ತಿಂಗಳಿಗೊಮ್ಮೆ ಮನಸ್ಸು ಹಗುರ ಮಾಡಿಕೊಳ್ಳುವುದು ವಾಡಿಕೆ. ಈ ಸಲದ ತಪ್ಪು ನಮ್ಮದೇ. ಸರಕಾರಿ ಕಚೇರಿಯ ಗುಮಾಸ್ತೆಯಾದವನು ತಪ್ಪನ್ನು ತನ್ನದೆಂದು ಒಪ್ಪಿಕೊಳ್ಳುವುದು ಶಾಸ್ತ್ರಕ್ಕೆ ವಿರುದ್ಧ. ತಪ್ಪೆಂಬುದು ಯಾವಾಗಲೂ ಹಿಂದೆ ಆ ಕುರ್ಚಿಯಲ್ಲಿ ಕುಳಿತು ವರ್ಗವಾಗಿ ಹೋದವರದು. ಆದರೆ ಈ ತಪ್ಪನ್ನು ನಾವು ನಮ್ಮ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದು, ಬಂದವರೆಲ್ಲ ನೋಡುವ ಹಾಗೆ ಗೋಡೆಗೆ ತೂಗುಹಾಕಿದ್ದರಿಂದ ತಪ್ಪಿಸಿಕೊಳ್ಳುವ ದಾರಿ ಕಾಣದು.

ಸಂಗತಿ ಇಷ್ಟು. ರಾಜ್ಯೋತ್ಸವಕ್ಕೆ ನಮ್ಮ ಮಾದಾಪುರದ ಬಳಗದವರು ಹಳೆಯ ಪಟಗಳ ಪ್ರದರ್ಶನವೊಂದನ್ನು ಏರ್ಪಡಿಸಿದ್ದರು. ಮನೆಮನೆಯಲ್ಲಿ ಪೆಟ್ಟಿಗೆಯ ತಳ ಸೇರಿದ್ದ ಪಟಗಳನ್ನೆಲ್ಲ ತರಬೇಕೆಂದು ಅಪ್ಪಣೆಯಾಗಿತ್ತು. ಮದುವೆಯ ಪಟಗಳು, ಹೈಸ್ಕೂಲು ಬೀಳ್ಕೊಡುಗೆಯ ಪಟಗಳು, ಕೈಯಲ್ಲಿ ಕೊಡೆ ಹಿಡಿದು ಕುಳಿತ ಅಜ್ಜಂದಿರ ಪಟಗಳು ರಾಶಿ ಬಿದ್ದುವು. ಎಲ್ಲವನ್ನೂ ತೂಗುಹಾಕಿದ ಮೇಲೆ ನಡುಗೋಡೆಯಲ್ಲಿ ದೊಡ್ಡದೊಂದು ಜಾಗ ಬೋಳಾಗಿ ಉಳಿಯಿತು. ಚರಿತ್ರೆಯನ್ನು ಬಿ.ಎ.ಗೆ ಓದಿದವರು ತಾವೆಂದು ನಾಲ್ಕು ಜನ ನಮ್ಮ ಕಡೆ ನೋಡಿದರು. ಆ ನೋಟಕ್ಕೆ ನಾವು ಉಬ್ಬಿಹೋದೆವು.

ನಮ್ಮ ತಲೆಗೆ ಹೊಳೆದದ್ದು ಹೈಫಾ ಪಟ. ಅನೇಕರು ನೋಡಿರಬಹುದು. 1918ರ ಸೆಪ್ಟೆಂಬರಿನಲ್ಲಿ, ಆಗ ತುರುಕರ ಕೈಯಲ್ಲಿದ್ದ, ಈಗ ಇಸ್ರೇಲಿಗೆ ಸೇರಿದ ಹೈಫಾ ರೇವುಪಟ್ಟಣದ ಬೀದಿಯಲ್ಲಿ ನಮ್ಮ ದೇಶದ ಕುದುರೆ ಸವಾರರು ಸಾಲಾಗಿ ಸಾಗಿ ಬರುವ ಚಿತ್ರ. ತಲೆಗೆ ರುಮಾಲು, ನೆಟ್ಟಗೆ ಹಿಡಿದ ಭರ್ಜಿಗಳು, ದಣಿದ ಕುದುರೆಗಳು. ಸಂಘದ ಕಾರ್ಯದರ್ಶಿಗಳ ಮಗ ಅದನ್ನು ಕಂಪ್ಯೂಟರಿನಿಂದ ತೆಗೆದು, ಫ್ಲೆಕ್ಸ್ ಅಂಗಡಿಯಲ್ಲಿ ಬಾಗಿಲಗಲ ಮಾಡಿಸಿ ತಂದುಕೊಟ್ಟ. ನಾವು ಅದರ ಕೆಳಗೆ ರಟ್ಟಿನ ಮೇಲೆ ಬರೆದೆವು: “ಹೈಫಾ ನಗರವನ್ನು ಗೆದ್ದ ನಮ್ಮ ಕನ್ನಡ ವೀರರು – ಮೈಸೂರು ಲ್ಯಾನ್ಸರ್ಸ್, 1918.” ಬರೆದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿಕೊಂಡೆವು. ಚೆನ್ನಾಗಿಯೇ ಕಾಣುತ್ತಿತ್ತು.

ಸಂಜೆ ಪ್ರದರ್ಶನ ತೆರೆಯಿತು. ನಮ್ಮ ಮಾಸ್ತರರು ಬಂದರು. ಮಾಸ್ತರರೆಂದರೆ ಹುಮನಾಬಾದಿನ ಕಡೆಯವರು. ಅಲ್ಲೆಲ್ಲೋ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ, ಈಗ ಮಗನ ಜೊತೆಯಲ್ಲಿ ಇಲ್ಲಿ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ಮನೆಯಲ್ಲಿ ದಖನಿ, ಹೊರಗೆ ಅಚ್ಚ ಬೀದರಿನ ಕನ್ನಡ. ಸಂಘದ ಮಕ್ಕಳಿಗೆ ಭಾನುವಾರ ಅಕ್ಷರ ತಿದ್ದಿಸುವವರು ಅವರೇ. ಹೈಫಾ ಪಟದ ಮುಂದೆ ಅವರು ಬಹಳ ಹೊತ್ತು ನಿಂತರು. ಮೆಚ್ಚುಗೆಯ ಮಾತು ಬರುತ್ತದೆಂದು ನಾವು ಮೆಲ್ಲಗೆ ಬದಿಗೆ ಹೋಗಿ ನಿಂತೆವು.

“ಸಾಹೇಬ್ರ, ಇದು ನೀವು ಬರದದ್ದೇನ್ರಿ?” ಎಂದರು.

“ಹೌದು ಮಾಸ್ತರೇ.”

“ಇವರು ಮೈಸೂರಿನವರೇ ಅಂತ ಹೆಂಗ ಗುರ್ತು ಹಿಡದ್ರಿ?”

ನಾವು ತಡವರಿಸಿದೆವು. ಗುರುತು ಹಿಡಿದಿರಲಿಲ್ಲ. ಹೈಫಾ ಎಂದರೆ ಮೈಸೂರು ಲ್ಯಾನ್ಸರ್ಸ್ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ನಮ್ಮ ತಂದೆಯವರು ಹಾಸನದ ಕಡೆಯಿಂದ ಬಂದವರಾದ್ದರಿಂದ ನಮ್ಮ ಮನೆಯಲ್ಲಿ ಒಳ್ಳೆಯದೆಲ್ಲ ಮೈಸೂರಿನದೇ ಆಗಿತ್ತು. ಆ ಪಟದ ಕೆಳಗೆ ಸಾಮಾನ್ಯವಾಗಿ ಅಚ್ಚಾಗಿರುವುದು ಭಾರತದ ಲ್ಯಾನ್ಸರುಗಳು ಎಂದು ಮಾತ್ರ. ಕೆಲವರು ಇವರು ಜೋಧಪುರದವರೆನ್ನುವುದೂ ಉಂಟು. ಇದನ್ನು ನಾವು ಅನಂತರ ನೋಡಿ ತಿಳಿದದ್ದು.

“ನಮ್ಮ ಮುತ್ಯಾನೂ ಇದೇ ಲಡಾಯಿಗೆ ಹೋಗಿದ್ದ, ಸಾಹೇಬ್ರ. ಹೈದ್ರಾಬಾದ ರಿಸಾಲೆದಾಗ ಸವಾರ ಇದ್ದ. ಈ ಪಟದಾಗ ಅಂವ ಇಲ್ಲ, ಅದು ನನಗ ಗೊತ್ತದ. ಆದರ ನೀವು ಬರದ ಚೀಟ್ಯಾಗೂ ಇಲ್ಲಲ್ಲಾ?”

ಮಾಸ್ತರರು ಸಿಟ್ಟಿನಿಂದ ಹೇಳಿದ್ದಲ್ಲ. ಉತ್ತರ ತಪ್ಪು ಬರೆದ ಹುಡುಗನನ್ನು ಕೇಳುವ ಹಾಗೆ ಕೇಳಿದರು. ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ಮರುದಿನದಿಂದ ಕಚೇರಿ ಮುಗಿದ ಮೇಲೆ ಪುಸ್ತಕಗಳನ್ನು ತೆಗೆದು ಕುಳಿತೆವು. ಓದಿ ಕಂಡದ್ದನ್ನು ಇಲ್ಲಿ ಹೇಳಿಬಿಡುತ್ತೇವೆ.

ಹಿಂದಿನ ಸಂಸ್ಥಾನಗಳಲ್ಲಿ ಸಾಮ್ರಾಜ್ಯದ ಸೇವೆಗೆಂದು ಬೇರೆಯಾಗಿ ಇಟ್ಟ ಪಡೆಗಳಿದ್ದವು. ಸಂಬಳ, ಕುದುರೆ, ಹುಲ್ಲು, ಹುರುಳಿ ಎಲ್ಲ ಸಂಸ್ಥಾನದ್ದು. ಯುದ್ಧ ಮಾತ್ರ ಬ್ರಿಟಿಷರದು. ಈ ಏರ್ಪಾಟು ಬಂದದ್ದು 1889ರ ಸುಮಾರಿಗೆ. ಅದಕ್ಕೆ ಎರಡು ವರ್ಷ ಮುಂಚೆ, 1887ರಲ್ಲಿ, ಹೈದರಾಬಾದಿನ ನಿಜಾಮರು ಗಡಿ ಕಾವಲಿಗೆಂದು 60 ಲಕ್ಷ ರೂಪಾಯಿ ಕೊಡುತ್ತೇವೆಂದು ಮುಂದೆ ಬಂದಿದ್ದರು. ಮೈಸೂರಿನ ಲ್ಯಾನ್ಸರ್ಸ್ ಪಡೆ ಹುಟ್ಟಿದ್ದು 1892ರಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ದುಡ್ಡಿನ ಜೊತೆಗೆ ಜನವೂ ಹೋದರು. ಮೈಸೂರು, ಹೈದರಾಬಾದು ಮುಂತಾದ ಸಂಸ್ಥಾನಗಳ ಸವಾರರನ್ನು ಸೇರಿಸಿ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹೆಸರಿಟ್ಟು, ಸೂಯೆಜ್ ಕಾಲುವೆಯ ಕಾವಲಿಗೆಂದು ಈಜಿಪ್ಟಿಗೆ ಕಳಿಸಿದರು. ಜೋಧಪುರದವರು ಫ್ರಾನ್ಸಿನಲ್ಲಿದ್ದು, 1918ರಲ್ಲಿ ಬಂದು ಕೂಡಿಕೊಂಡರು.

ಇಲ್ಲಿ ಒಂದು ಅಡ್ಡಮಾತು. ಈ ಸವಾರರ ಭಾಷೆ ನಮ್ಮ ಕಚೇರಿಗಳಲ್ಲಿ ಇನ್ನೂ ಸತ್ತಿಲ್ಲ. ತನ್ನ ಕುದುರೆಯನ್ನು ತಾನೇ ತಂದು ಚಾಕರಿಗೆ ನಿಂತವನು ಸಿಲ್ಲೇದಾರ. ಬೇರೆಯವರ ಕುದುರೆ ಏರಿದವನು ಬಾರ್ಗೀರ. ಅವರ ಮೇಲೆ ದಫೇದಾರ, ಅವನ ಮೇಲೆ ಜಮೇದಾರ, ಅವನ ಮೇಲೆ ರಿಸಾಲ್ದಾರ. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳ ಕೋಣೆಯ ಬಾಗಿಲಲ್ಲಿ ಅಡ್ಡಪಟ್ಟಿ ಹಾಕಿಕೊಂಡು ನಿಂತಿರುವ ದಫೇದಾರರನ್ನು ಎಲ್ಲರೂ ಬಲ್ಲಿರಿ. ಕುದುರೆ ಹೋಯಿತು, ಭರ್ಜಿ ಹೋಯಿತು, ಪದವಿ ಮಾತ್ರ ಬಾಗಿಲಲ್ಲಿ ಉಳಿಯಿತು.

ಹೈಫಾ ಕಾಳಗಕ್ಕೆ ಬರೋಣ. 1918ರ ಸೆಪ್ಟೆಂಬರ್ 19ರಂದು ಪ್ಯಾಲೆಸ್ತೀನಿನಲ್ಲಿ ಬ್ರಿಟಿಷ್ ಸೈನ್ಯ ತುರುಕರ ಸಾಲನ್ನು ಒಡೆದು, ಕುದುರೆ ಪಡೆಗಳನ್ನು ಒಳಕ್ಕೆ ನುಗ್ಗಿಸಿತು. 23ರಂದು 15ನೆಯ ಬ್ರಿಗೇಡಿಗೆ ಹೈಫಾವನ್ನು ಹಿಡಿಯಬೇಕೆಂದು ಹುಕುಂ ಆಯಿತು. ಊರಿಗೆ ಹೋಗುವ ದಾರಿಯ ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕಿಶೋನ್ ಹೊಳೆ ಮತ್ತು ಕೆಸರುಗದ್ದೆಯಂಥ ಜೌಗು. ಬೆಟ್ಟದ ಮೇಲೆ ಫಿರಂಗಿ, ಬುಡದಲ್ಲಿ ಮೆಷಿನ್ ಗನ್ನು. ಭರ್ಜಿ ಹಿಡಿದ ಸವಾರನಿಗೆ ಇದಕ್ಕಿಂತ ಕೆಟ್ಟ ಜಾಗವನ್ನು ಯಾರೂ ಹುಡುಕಿ ಕೊಡಲಾರರು.

ಮೈಸೂರಿನ ಒಂದು ತುಕಡಿಯನ್ನು ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಕಳಿಸಿದರು. ಕಡಿದಾದ ಏರು, ಕಲ್ಲುದಾರಿ. ಮೇಲೆ ಮುಟ್ಟುವ ಹೊತ್ತಿಗೆ ಕುದುರೆಗಳು ಒಂದೊಂದಾಗಿ ಕುಂಟಿ ಹಿಂದೆ ಬಿದ್ದು, ಕುದುರೆಯ ಮೇಲೆ ಉಳಿದವರು ಕೆಲವೇ ಮಂದಿ. ಆ ಕೆಲವರೇ ಏರಿಹೋಗಿ ಫಿರಂಗಿಗಳನ್ನು ಹಿಡಿದರು. ಶರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ಕುದುರೆ ಪಡೆಯ ತುಕಡಿಯನ್ನೂ ಅದೇ ಬೆಟ್ಟಕ್ಕೆ ಬೆಂಬಲವಾಗಿ ಕಳಿಸಿದ್ದರು. ಕೆಳಗೆ ಮಧ್ಯಾಹ್ನ ಎರಡರ ಸುಮಾರಿಗೆ ಜೋಧಪುರದವರು ಹೊಳೆ ದಾಟಲೆಂದು ಹೋದರೆ ದಡದ ಹೂಳು ಕುದುರೆಯನ್ನೇ ನುಂಗುವಂತಿತ್ತು. ಗುಂಡುಗಳ ನಡುವೆ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೆ ಬಿದ್ದು, ದಾರಿ ಬಿಡಿಸಿಕೊಂಡು ಊರೊಳಗೆ ನುಗ್ಗಿದರು. ಅವರ ಮುಖಂಡ ಮೇಜರ್ ದಲಪತ್ ಸಿಂಗ್ ಶೇಖಾವತ್ ಅಲ್ಲಿಯೇ ಮಡಿದರು. ಮೈಸೂರಿನ ಉಳಿದ ತುಕಡಿಗಳೂ ಹಿಂದೆಯೇ ಊರು ಹೊಕ್ಕವು. ಸಂಜೆಯೊಳಗೆ ಹೈಫಾ ಕೈವಶವಾಯಿತು.

ಲೆಕ್ಕ ಬರೆಯುವವರಾದ್ದರಿಂದ ನಮ್ಮ ಕಣ್ಣು ಅಂಕಿಗಳ ಮೇಲೆ ನಿಂತಿತು. ಸೆರೆ ಸಿಕ್ಕವರು 1,350ರಷ್ಟು. ಹಿಡಿದ ಫಿರಂಗಿ 17, ಮೆಷಿನ್ ಗನ್ನು 11. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83. ಮನುಷ್ಯರು ಉಳಿದದ್ದು ಕುದುರೆಗಳ ಮೈ ಅಡ್ಡವಾದದ್ದರಿಂದ ಎಂದು ನಮಗೆ ತೋರುತ್ತದೆ. ಗೆಲುವಿನ ಪಟದಲ್ಲಿ ಮೆರೆಯುವ ಕುದುರೆಗಳು ಬದುಕಿ ಉಳಿದವು ಮಾತ್ರ, ಅದನ್ನು ನೋಡುವವರು ಮರೆಯಬಾರದು. ಅವುಗಳಿಗೆ ಮೈ ತಿಕ್ಕಿ ನೀರು ಕುಡಿಸಿದ ಸಾಯಿಸರು ಎಲ್ಲಿದ್ದರೋ. ಇಂಥ ಪಟಗಳಲ್ಲಿ ಅವರನ್ನು ನಿಲ್ಲಿಸುವ ಪದ್ಧತಿಯಿರಲಿಲ್ಲ.

ಹಾಗಾದರೆ ಮಾಸ್ತರರ ಮುತ್ಯಾ ಎಲ್ಲಿದ್ದರು? ಹೈಫಾಕ್ಕೆ ನುಗ್ಗಿದ ದಿನ ಹೈದರಾಬಾದಿನ ದಳ ಬ್ರಿಗೇಡಿನ ಜೊತೆಯಲ್ಲಿರಲಿಲ್ಲ. ಅವರನ್ನು ಸೆರೆಯಾಳುಗಳ ಕಾವಲಿಗೆ ಬಿಟ್ಟಿದ್ದರು. ಆ ವಾರಗಳಲ್ಲಿ ಸೆರೆ ಸಿಕ್ಕವರೇನು ಸ್ವಲ್ಪವೇ? ಸೆಪ್ಟೆಂಬರ್ 19ರಿಂದ ಯುದ್ಧ ಮುಗಿಯುವವರೆಗೆ ಒಟ್ಟು 75,000 ಎಂದು ಲೆಕ್ಕ. ಅವರನ್ನು ನಡೆಸಬೇಕು, ನೀರು ಕೊಡಬೇಕು, ಎಣಿಸಬೇಕು, ಮತ್ತೆ ಎಣಿಸಬೇಕು. ಇಂಥ ಕೆಲಸವಿಲ್ಲದೆ ಯಾವ ಗೆಲುವೂ ಗೆಲುವಾಗದು, ಆದರೆ ಇದನ್ನು ಪಟ ತೆಗೆಯಲು ಯಾರೂ ಬರುವುದಿಲ್ಲ. ಕಚೇರಿಯಲ್ಲಿ ಹನ್ನೊಂದು ವರ್ಷ ರಿಜಿಸ್ಟರು ಬರೆದ ನಮಗೆ ಈ ಮಾತು ಬೇಗ ಅರ್ಥವಾಯಿತು.

ಮುಂದಿನ ಭಾನುವಾರ ಮಾಸ್ತರರ ಮನೆಗೆ ಹೋದೆವು. ಸೊಸೆಯವರು ಚಹಾ ತಂದಿಟ್ಟರು. ಮುತ್ಯಾ ತೀರಿಕೊಂಡಾಗ ಮಾಸ್ತರರಿಗೆ ಎಂಟು ವರ್ಷ, 1955ನೆಯ ಇಸವಿ. ಲಡಾಯಿಯ ಕಥೆ ಹೇಳು ಎಂದು ಹುಡುಗರು ಮುತ್ತಿಕೊಂಡರೆ ಮುತ್ಯಾ ಕತ್ತಿ ಭರ್ಜಿಗಳ ಮಾತೇ ಎತ್ತುತ್ತಿರಲಿಲ್ಲವಂತೆ.

“ಒಂದೇ ಕತಿ ಹೇಳತಿದ್ದ ನೋಡ್ರಿ. ತುರುಕರ ಕೈದಿಗೋಳನ್ನ ಹೊಡಕೊಂಡು ಹೊಂಟಾರ. ಬಿಸಲಂದ್ರ ಬಿಸಲು. ನಮಾಜಿನ ಹೊತ್ತಾತು. ಕೈದಿಗೋಳು ನಿಂತ್ರು, ಸಾಲು ಹಿಡದ್ರು. ಇವನೂ ಕುದುರಿಯಿಂದ ಇಳದ. ಇಲ್ಲಿ ನಾವು ಪಡುವಲಕ್ಕ ಮಾರಿ ಮಾಡ್ತೀವಿ, ಅಲ್ಲಿ ತೆಂಕಲಕ್ಕ. ಮುತ್ಯಾಗ ಅದು ರೂಢಿ ಆಗಿರಲಿಲ್ಲ, ಪಡುವಲಕ್ಕ ನಿಂತುಬಿಟ್ಟ. ಕೈದಿ ಒಬ್ಬ ಮುದುಕ ಬಂದು, ಭುಜ ಹಿಡದು, ಸರಿಯಾಗಿ ತಿರುಗಿಸಿ ನಿಲ್ಲಿಸಿದ. ‘ನಾನು ಅವನಿಗೆ ಕಾವಲು, ಅಂವ ನನಗ ದಿಕ್ಕು ತೋರಿಸಿದ’ ಅಂತಿದ್ದ.”

ನಾವು ಏನೂ ಹೇಳದೆ ಚಹಾ ಕುಡಿದೆವು. ತುರುಕರ ಸುಲ್ತಾನನೇ ಆಗ ಖಲೀಫನೆಂದು ಕರೆಸಿಕೊಳ್ಳುತ್ತಿದ್ದ. ಅವನ ಮೇಲೆ ಯುದ್ಧಕ್ಕೆ ಹೋಗಲು ಮುಸಲ್ಮಾನ ಸಿಪಾಯಿಗಳು ಅಳುಕಿಯಾರೆಂಬ ಭಯ ಬ್ರಿಟಿಷರಿಗಿತ್ತು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ಪಕ್ಷವನ್ನು ಬಿಡಬಾರದೆಂದು ಫರ್ಮಾನು ಹೊರಡಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ ದೊಡ್ಡ ದೊಡ್ಡ ಬಿರುದುಗಳು ಬಂದುವು. ಸವಾರನ ಎದೆಯಲ್ಲಿ ಏನಿತ್ತೆಂದು ಕೇಳಲು ಯಾರೂ ಕಾಗದ ಬರೆದಂತೆ ಕಾಣೆವು.

“ಪದಕ ಏನಾದರೂ ಉಂಟೆ, ಮಾಸ್ತರೇ?” ಎಂದು ಕೇಳಿದೆವು. ಕೇಳಿದ್ದಕ್ಕೆ ಕಾರಣವಿತ್ತು. ಆ ಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಪಡೆದವನ ನಂಬರು, ದರ್ಜೆ, ಹೆಸರು, ದಳ ಎಲ್ಲವನ್ನೂ ಸಣ್ಣಕ್ಷರದಲ್ಲಿ ಒತ್ತಿರುತ್ತಾರೆ.

ಮಾಸ್ತರರು ನಕ್ಕರು. “ಇತ್ತು. ಒಂದು ಬಾಜೂ ಬಾದಶಹಾ, ಇನ್ನೊಂದು ಬಾಜೂ ಕುದುರಿ ಮ್ಯಾಲ ಬರೇ ಮೈಯಾಗಿನ ಮನಷ್ಯಾ. ನಮ್ಮ ಅಮ್ಮ ಅದನ್ನ ಹೆಣ್ಮಕ್ಕಳ ಕಣ್ಣಿಗೆ ಬೀಳಬಾರದಂತ ಅರಬಿ ಸುತ್ತಿ ಇಟ್ಟಿದ್ದಳು. ಅಕ್ಕನ ಮದುವಿ ಹೊತ್ತಿಗೆ ಕೈಯಾಗ ರೊಕ್ಕ ಇರಲಿಲ್ಲ. ಅಕ್ಕಸಾಲಿಗ ಕೊಟ್ಟು ಕಾಲುಂಗುರ ಮಾಡಿಸಿದ್ರು.”

ಆ ಬರಿಮೈಯ ಸವಾರ ಇಂಗ್ಲಿಷರ ಸಂತ ಜಾರ್ಜ್. ಅವನ ಜೊತೆಯಲ್ಲಿ ಅಂಚಿನಲ್ಲಿದ್ದ ಹೆಸರೂ ಕುಲುಮೆಯಲ್ಲಿ ಕರಗಿತು.

ಮಡಿದವರಿಗೆ ಕಲ್ಲುಗಳಿವೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ರಜೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಈಜಿಪ್ಟ್ ಪ್ಯಾಲೆಸ್ತೀನುಗಳಲ್ಲಿ ತೀರಿಕೊಂಡ ನಮ್ಮ ದೇಶದ ಸುಮಾರು 4,000 ಸಿಪಾಯಿಗಳಿಗಾಗಿ ಸೂಯೆಜ್ ಕಾಲುವೆಯ ಬಾಯಲ್ಲಿ 1926ರಲ್ಲಿ ಒಂದು ಸ್ಮಾರಕ ಎದ್ದಿತ್ತು. ಈಜಿಪ್ಟ್ ಇಸ್ರೇಲುಗಳ ಕದನದಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋ ನಗರದ ಹೀಲಿಯೋಪೊಲಿಸ್‌ನಲ್ಲಿ ಬೇರೊಂದನ್ನು ಮಾಡಿದರು. ದೆಹಲಿಯಲ್ಲಿ ನೆಹರೂ ಅವರು ವಾಸವಾಗಿದ್ದ ಮನೆಯ ಮುಂದಿನ ಚೌಕದಲ್ಲಿ ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿ 1920ರ ದಶಕದಲ್ಲಿ ಮಾಡಿದ ಮೂರು ಸವಾರರ ಮೂರ್ತಿಗಳಿವೆ. ಹೈದರಾಬಾದು, ಜೋಧಪುರ, ಮೈಸೂರು – ಮೂರಕ್ಕೆ ಮೂರು. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವರಿಂದಲೇ; 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದಾಯಿತು. ಮೂರ್ತಿ ಮಾಡಿದವನು ಮೂವರನ್ನೂ ನಿಲ್ಲಿಸಿದ. ಚೀಟಿ ಬರೆದ ನಾವು ಒಬ್ಬರನ್ನೇ ನಿಲ್ಲಿಸಿದೆವು.

ಆದರೆ ಮಾಸ್ತರರ ಮುತ್ಯಾ ಸಾಯದೆ ಮನೆಗೆ ಬಂದವರು. ಬದುಕಿ ಬಂದವನ ಹೆಸರನ್ನು ಸ್ಮಾರಕದಲ್ಲಿ ಕೊರೆಯುವುದಿಲ್ಲ. ಪಟದಲ್ಲಿಲ್ಲ, ಕಲ್ಲಿನಲ್ಲಿಲ್ಲ, ಪದಕವಿಲ್ಲ. ಅವರಿದ್ದ ದಳವೂ 1948ರ ನಂತರ ಇಲ್ಲವಾಯಿತು. ಮೈಸೂರು ಲ್ಯಾನ್ಸರ್ಸ್ ಆದರೂ 1953ರಲ್ಲಿ ಕಟ್ಟಿದ, ಈಗ 61ನೆಯ ಕ್ಯಾವಲ್ರಿ ಎಂದು ಕರೆಯುವ ಕುದುರೆ ಪಡೆಯಲ್ಲಿ ಬೆರೆಯಿತು. ಸೆಪ್ಟೆಂಬರ್ 23ರಂದು ಸೈನ್ಯದವರು ಹೈಫಾ ದಿನವನ್ನು ಆಚರಿಸುತ್ತಾರೆ.

“ಊರಿನಾಗ ಒಂದು ಗುರ್ತು ಅದ ನೋಡ್ರಿ,” ಎಂದರು ಮಾಸ್ತರರು. “ಮಾಸಾಬ್ ಟ್ಯಾಂಕ್ ಕಡಿ ಹೋಗತೀರಲ್ಲಾ, ಫಸ್ಟ್ ಲ್ಯಾನ್ಸರ್ ಅಂತ ಓಣಿ. ಆಟೋದವರು ದಿನಾ ಒದರತಾರ. ಯಾಕ ಆ ಹೆಸರು ಅಂತ ಯಾರಾದ್ರೂ ಕೇಳ್ಯಾರೇನು?”

ನಾವು ಕೇಳಿರಲಿಲ್ಲ. ಏಳು ವರ್ಷ ಆ ದಾರಿಯಲ್ಲೇ ಕಚೇರಿಗೆ ಓಡಾಡಿದ್ದೇವೆ. ನಿಜಾಮರ ಲ್ಯಾನ್ಸರ್ ಪಡೆಯಿಂದ ಬಂದ ಹೆಸರು ಅದು. ಪಕ್ಕದ ಏ.ಸಿ. ಗಾರ್ಡ್ಸ್ ಕೂಡ ಹಾಗೆಯೇ, ನಿಜಾಮರ ಆಫ್ರಿಕನ್ ಕುದುರೆ ಕಾವಲು ಪಡೆಯಿಂದ ಬಂದದ್ದು. ಅದು ತಂಪು ಯಂತ್ರದ ಏ.ಸಿ. ಎಂದು ನಮ್ಮ ಮನೆಯಾಕೆ ಮೊನ್ನೆ ಮೊನ್ನೆಯವರೆಗೂ ತಿಳಿದಿದ್ದಳು. ನಾವೂ ತಿದ್ದಿರಲಿಲ್ಲ.

ಹೊರಡುವಾಗ ನಾವು ಸಂಕೋಚದಿಂದಲೇ ಹೇಳಿದೆವು: “ತಪ್ಪಾಯಿತು ಮಾಸ್ತರೇ. ನಮ್ಮ ಕನ್ನಡ ವೀರರು ಎಂದು ಬರೆಯುವಾಗ ಹೈದರಾಬಾದಿನವರು ನೆನಪಿಗೇ ಬರಲಿಲ್ಲ.”

“ಬರೂದಿಲ್ಲ ಬಿಡ್ರಿ. ನೀವು ಇಲ್ಲಿಗಿ ಬಂದವರು. ನಾವು ಬಂದವರಲ್ಲ. ಮುತ್ಯಾ ಇದ್ದಾಗ ಬೀದರ, ಕಲಬುರ್ಗಿ, ರಾಯಚೂರು ಎಲ್ಲಾ ಹೈದ್ರಾಬಾದಿಂದೇ ಇದ್ದವು. ಅಂವ ಮನ್ಯಾಗ ಉರ್ದು ಮಾತಾಡತಿದ್ದ, ಹೊಲದಾಗ ಕನ್ನಡ, ರಿಸಾಲೆದಾಗ ಏನು ಹೇಳ್ತಾರೋ ಅದು. ಐವತ್ತಾರನೆ ಇಸವಿ ನವೆಂಬರ್ ಒಂದಕ್ಕ ನಾವು ಆ ಕಡಿ ಆದೆವು, ಊರು ಈ ಕಡಿ ಉಳೀತು. ನೀವು ರಾಜ್ಯೋತ್ಸವ ಅಂತ ಹೂ ಹಾಕತೀರಲ್ಲಾ, ನಮ್ಮ ಅಪ್ಪ ಆ ದಿನ ಸಿಹಿನೂ ಹಂಚಿದ, ಸಂಜಿಗಿ ಹೈದ್ರಾಬಾದ ನೆನಸಿ ಸುಮ್ಮನೂ ಕುಂತ.”

ಈ ಮಾತನ್ನು ನಾವು ಎಷ್ಟೋ ರಾಜ್ಯೋತ್ಸವಗಳ ಭಾಷಣಗಳಲ್ಲಿ ಕೇಳಿದ್ದಿಲ್ಲ. ಭಾಷಣ ಬರೆದುಕೊಟ್ಟವರಲ್ಲಿ ನಾವೂ ಒಬ್ಬರು.

ಪ್ರದರ್ಶನ ಮುಗಿದಿದ್ದರೂ ಹೈಫಾ ಪಟ ಸಂಘದ ಕೋಣೆಯಲ್ಲಿಯೇ ಇದೆ. ಹಳೆಯ ರಟ್ಟನ್ನು ತೆಗೆದು ಹೊಸದನ್ನು ಬರೆದೆವು. ಅದರಲ್ಲಿರುವುದು ಇಷ್ಟು: “ಹೈಫಾ ಬೀದಿಯಲ್ಲಿ ಭಾರತದ ಕುದುರೆ ಸವಾರರು, 1918ರ ಸೆಪ್ಟೆಂಬರ್. ಊರನ್ನು ಹಿಡಿದವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಅದೇ ಬ್ರಿಗೇಡಿನ ಹೈದರಾಬಾದು ಲ್ಯಾನ್ಸರ್ಸ್ ಆ ದಿನ ಸೆರೆಯಾಳುಗಳನ್ನು ಕಾಯುತ್ತಿದ್ದರು; ಅವರಲ್ಲಿ ಒಬ್ಬರು ನಮ್ಮ ಮಾಸ್ತರರ ಮುತ್ಯಾ.” ಅದರ ಕೆಳಗೆ ಮುತ್ಯಾ ಅವರ ಹೆಸರು. ಆ ಹೆಸರನ್ನು ಪತ್ರಿಕೆಯಲ್ಲಿ ಹಾಕುವುದು ಬೇಡ, ಪಟದ ಕೆಳಗೆ ಇದ್ದರೆ ಸಾಕು ಎಂದು ಮಾಸ್ತರರು ಅಂದದ್ದರಿಂದ ಇಲ್ಲಿ ಬರೆದಿಲ್ಲ. ನೋಡಬೇಕೆನ್ನುವವರು ಕೋಣೆಗೆ ಬರಬಹುದು; ಭಾನುವಾರ ಬೆಳಿಗ್ಗೆ ಬೀಗ ತೆಗೆದಿರುತ್ತದೆ.

ಸಂಘದ ಮನೆಗಳಲ್ಲಿ ಇನ್ನೂ ಯಾರ ಬಳಿಯಾದರೂ ಆ ಕಾಲದ ಬೆಳ್ಳಿಯ ಪದಕವಿದ್ದರೆ, ಅಕ್ಕಸಾಲಿಗನಿಗೆ ಕೊಡುವ ಮುಂಚೆ ಅಂಚನ್ನು ಭೂತಕನ್ನಡಿಯಲ್ಲಿ ಓದಿ ಬರೆದಿಟ್ಟುಕೊಳ್ಳಿ. ಗುಂಪಿನ ಪಟಗಳಿದ್ದರೆ ಹಿರಿಯರು ಕಣ್ಣು ಕಾಣುವಷ್ಟರಲ್ಲಿ ಹಿಂಬದಿಗೆ ಸೀಸದ ಕಡ್ಡಿಯಲ್ಲಿ ಹೆಸರುಗಳನ್ನು ಬರೆಸಿ. ಎಡದಿಂದ ಬಲಕ್ಕೆ, ನಿಂತವರು ಕುಳಿತವರು ಬೇರೆ ಬೇರೆಯಾಗಿ. ನಮಗೆ ತಿಳಿಸಿದರೆ ನಾವೂ ಒಂದು ರಿಜಿಸ್ಟರು ತೆರೆಯುತ್ತೇವೆ. ಅದೊಂದು ಕೆಲಸ ನಮಗೆ ಬರುತ್ತದೆ.

ಹೊಸ ರಟ್ಟನ್ನು ತೂಗುಹಾಕಿದ ದಿನ ಮಾಸ್ತರರನ್ನು ಕರೆತಂದು ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, “ಸಾಹೇಬ್ರ, ‘ಕಾಯುತ್ತಿದ್ದರು’ ಅನ್ನೂದರಾಗ ತಕಾರದ ಒತ್ತು ಬಿಟ್ಟೀರಿ,” ಎಂದು ತಾವೇ ತಿದ್ದಿದರು.